ಹಗ್ಗದ ಕೆಳಗಿನ ಜಾಗ

ನನ್ನ ಯಾಡಿ, ಅವ್ವಾ,

ಈ ಕಾಗದವನ್ನು ಸೋಮು ನಿನಗೆ ಓದಿ ಹೇಳುತ್ತಾನೆ. ತಮ್ಮಾ, ಬೈಗುಳ ಬಂದಲ್ಲಿ ನುಂಗಬೇಡ, ಪೂರಾ ಕೇಳಿಸು.

ನನಗೆ ನಿನ್ನ ಮೇಲೆ ಸಿಟ್ಟು ಬಂದಿದೆ. ಭಾಳ.

ನಿನ್ನೆ ಕಾಣಕೋಣದ ಬೀಚಿನಲ್ಲಿ ನಮ್ಮ ಕಾಲೇಜಿನ ರೆಕ್ಕೆ ಹಾರಿಸುವುದಿತ್ತು. ದೀಪಾವಳಿಗೆ ಬಂದಾಗ ಹೇಳಿದ್ದೆನಲ್ಲ: ಗಾಳಿ ರೆಕ್ಕೆಯನ್ನು ಮೇಲಕ್ಕೆ ಎಳೆಯುತ್ತದೆ, ಹಗ್ಗ ಬಿಚ್ಚುತ್ತಾ ನೆಲದ ಮೇಲಿನ ಡ್ರಮ್ ತಿರುಗಿಸುತ್ತದೆ, ಅದರಿಂದ ಕರೆಂಟು. "ಪತಂಗ ಹಾರಿಸಾಕ ಇಷ್ಟ್ ಓದಬೇಕೇನ?" ಅಂತ ನಕ್ಕಿದ್ದಿ. ಬಂದು ನೋಡಿದರೆ, ಹಗ್ಗ ಹಾಯುವ ಜಾಗದಲ್ಲೇ ನೀನು ಕನ್ನಡಿ ಹೊಲಿದ ಚೀಲ, ಮಣಿಸರ ಹರವಿಕೊಂಡು ಕೂತಿದ್ದಿ.

ಸರ್ ಅಂದರು, "ಹಗ್ಗ ಹರಿದರೆ ರೆಕ್ಕೆ ಕೆಳಗಿದ್ದವರ ಮೇಲೇ ಬೀಳುತ್ತೆ. ರೇಣು, ನಿನಗೆ ಅವರ ಭಾಷೆ ಬರುತ್ತಲ್ಲ, ಎಬ್ಬಿಸು." ಅದೇ ಹಗ್ಗದ ಕೆಳಗೆ ಶ್ಯಾಕ್ ಹೋಟೆಲಿನವರ ಮಂಚಗಳಿದ್ದವು, ಮಂಚದ ಮೇಲೆ ಟೂರಿಸ್ಟರು ಮಲಗಿದ್ದರು. ಅವರನ್ನು ಯಾರೂ ಎಬ್ಬಿಸಲಿಲ್ಲ. ರೆಕ್ಕೆ ಬಿದ್ದರೆ ಕನ್ನಡಿ ಚೀಲ ಮಾರುವವರನ್ನೇ ಹುಡುಕಿ ಬೀಳುತ್ತದಾ?

ನಿನ್ನ ಹತ್ತಿರ ಬಂದೆ. ನಮ್ಮ ಲಂಬಾಣಿಯಲ್ಲಿ 'ಯಾಡಿ' ಅನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ನೀನು ನನ್ನ ಕೊರಳಿನ ಕಾಲೇಜ್ ಕಾರ್ಡ್ ನೋಡಿದಿ, ಹಿಂದೆ ನಿಂತ ಹುಡುಗಿಯರನ್ನು ನೋಡಿದಿ, ಸರಸರ ಗಂಟು ಕಟ್ಟಿದಿ. "ಎದ್ವಿ ತಗೋರಿ ಮೇಡಮ್, ಸಿಟ್ಟಾಗಬ್ಯಾಡ್ರಿ."

ಮೇಡಮ್! ಹೆತ್ತ ಮಗಳಿಗೆ!

ಯಾರು ಕೇಳಿದ್ದರು ಈ ಉಪಕಾರ? ನನ್ನ ಮರ್ಯಾದೆ ಉಳಿಸಿದೆ ಅಂದುಕೊಂಡಿಯಾ? ಕಾದ ಉಸುಕಿನಲ್ಲಿ ಗಂಟು ಹೊತ್ತು ಹೋದಿ, ತಿರುಗಿಯೂ ನೋಡಲಿಲ್ಲ. ರೆಕ್ಕೆ ಹಾರಿತು, ಬಲ್ಬು ಹತ್ತಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಆ ಬಲ್ಬನ್ನೇ ಒಡೆದುಹಾಕಬೇಕು ಅನ್ನಿಸಿತು.

ಇವತ್ತು ಸರ್ ರೂಮಿಗೆ ಹೋದೆ. ಇಂಗ್ಲಿಷು ಅರ್ಧಕ್ಕೇ ತೊದಲಿತು. ಆದರೂ ಹೇಳಿದೆ: ನಿನ್ನೆ ಎಬ್ಬಿಸಿದ್ದು ನನ್ನ ಅವ್ವನನ್ನು. ಶನಿವಾರ ಮತ್ತೆ ಹಾರಿಸುವಾಗ ಮಂಚದವರೂ ಏಳಬೇಕು, ಇಲ್ಲದಿದ್ದರೆ ಡ್ರಮ್ಮಿನ ಬ್ರೇಕ್ ಹಿಡಿಯುವವಳು ನಾನೇ, ಬಿಡುವುದಿಲ್ಲ. ಸರ್ "ನೋಡೋಣ" ಅಂದರು. ಟೀಮಿನಿಂದ ತೆಗೆದರೂ ತೆಗೆದಾರು. ಹೆದರಿಕೆ ಇದೆ, ಸುಳ್ಳು ಯಾಕೆ ಹೇಳಲಿ.

ಶನಿವಾರ ಬಾ. ಅಲ್ಲೇ ಬಟ್ಟೆ ಹಾಸು. ಎಬ್ಬಿಸುವುದಾದರೆ ಎಲ್ಲರ ಜೊತೆ ಎಬ್ಬಿಸುತ್ತೇನೆ, 'ಯಾಡಿ' ಅಂತ ಕೂಗಿಯೇ ಎಬ್ಬಿಸುತ್ತೇನೆ, ಗಂಟಿನ ಒಂದು ತುದಿ ನಾನೇ ಹಿಡಿಯುತ್ತೇನೆ. ಆಗ ನೀನು, ಮನೆಯಲ್ಲಿ ರೇಗಿದಾಗ ಅನ್ನುವ ಹಾಗೆ, "ಏ ರೇಣೀ" ಅನ್ನಬೇಕು. ಇಡೀ ಬೀಚಿಗೆ ಕೇಳಬೇಕು.

ಅಲ್ಲಿಯತನಕ ತಲೆ ಮೇಲೆ ಸೆರಗು ಇರಲಿ, ನಿನ್ನ ಕಾಲು ಸುಡದಿರಲಿ.

ಯಾರ ಮೇಡಮ್ಮೂ ಅಲ್ಲದ,
ನಿನ್ನ ರೇಣಿ