ಬಿಟ್ಟುಕೊಟ್ಟ ಸರದಿ

ಸ್ಟಾಕ್‌ಹೋಮ್, ಕತ್ತಲೆ ತಿಂಗಳ ನಲವತ್ತನೆಯ ದಿನ, ೨೩೧೪

ಪೂಜ್ಯ ನೀಲವ್ವಜ್ಜಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ, ಈ ಕಾಗದ ನಿಮಗಿಂತ ಸುಮಾರು ಮುನ್ನೂರು ವರ್ಷ ಮುಂದಿನಿಂದ ಬರುತ್ತಿದೆ. ನಮ್ಮ ಕಾಲದಲ್ಲಿ ಡಿಸೆಂಬರ್, ಜನವರಿ ಎರಡನ್ನೂ ಸೇರಿಸಿ ಕತ್ತಲೆ ತಿಂಗಳು ಎಂದು ಒಂದೇ ಮಾಡಿದ್ದಾರೆ. ಎರಡು ಸಲ ಬೇಸರಪಡುವುದೇಕೆ ಎಂದಿರಬೇಕು. ನನ್ನ ಕನ್ನಡ ಹತ್ತು ತಲೆಮಾರು ದಾಟಿ ಸವೆದು ಬಂದದ್ದು, ವಿಚಿತ್ರವೆನಿಸಿದರೆ ಮನ್ನಿಸಿ. ನಾನು ತುವಾ ನೀಲವ್ವ ಬರ್ಗ್. ಗದಗಿನಿಂದ ಉಮಿಯೋ ಊರಿನ ಆಸ್ಪತ್ರೆಗೆ ನರ್ಸಾಗಿ ಬಂದ ನಿಮ್ಮ ವಂಶದವಳು. ಮೊನ್ನೆಯವರೆಗೆ ಸ್ವೀಡನ್ನಿನ ಪ್ರಧಾನಿಯಾಗಿದ್ದೆ.

ಹಿಗ್ಗಬೇಡಿ. ಇಲ್ಲಿ ಪ್ರಧಾನಿಯಾಗಲು ಯಾರಿಗೂ ನಾವು ಬೇಕಾಗಿರಬೇಕಿಲ್ಲ. ಬೇಡ ಎನ್ನುವವರು ಸಂಸತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚಿರಬಾರದು, ಅಷ್ಟೇ. ಹಾಗೆ ಸಹಿಸಿಕೊಂಡವರ ನಡುವೆಯೇ ಹನ್ನೊಂದು ವರ್ಷ ಕಳೆದೆ. ಬೆಳಿಗ್ಗೆ ಎಲ್ಲರೊಂದಿಗೆ ಟ್ರಾಮಿನಲ್ಲಿ ನಿಂತು ಕಚೇರಿಗೆ ಹೋಗುವುದು, ಹುರಿದ ಬಾರ್ಲಿಯ ಕಾಫಿ ಕುಡಿಯುವುದು (ನಿಜವಾದ ಕಾಫಿ ಹಬ್ಬಕ್ಕೆ ಮಾತ್ರ), ಒಂದು ವಾಕ್ಯದ ಮೇಲೆ ಇಡೀ ವಾರ ಸಭೆ ನಡೆಸುವುದು. ಸಾಕಾಗಿ ಹೋಗಿದೆ, ಅಜ್ಜಿ. ನನ್ನ ಆಸೆ ಒಂದೇ ಇತ್ತು: ಬೆಚ್ಚನೆಮನೆ ಕಾನೂನು. ಚಳಿಗಾಲದಲ್ಲಿ ಒಲೆಗೆ ಗತಿಯಿಲ್ಲದವರು ಬಂದು ಕೂರಲು ಪ್ರತಿ ಊರಿನಲ್ಲೂ ಒಂದು ಬೆಚ್ಚಗಿನ ಮನೆ ತೆರೆದಿರಬೇಕು ಎಂಬುದು. ಅದು ಬಿದ್ದರೆ ನಾನೂ ಇಳಿಯುತ್ತೇನೆಂದು ಸಾರಿಬಿಟ್ಟಿದ್ದೆ.

ನಮ್ಮ ಸಂಸತ್ತಿನಲ್ಲಿ ಹಳೆಯದೊಂದು ಪದ್ಧತಿಯಿದೆ. ಎದುರು ಪಕ್ಷದವರೊಬ್ಬರು ಕಷ್ಟದಿಂದ ಬರಲಾಗದಿದ್ದರೆ ಈ ಕಡೆಯವರೊಬ್ಬರೂ ಮತ ಹಾಕದೆ ಹೊರಗುಳಿಯುತ್ತಾರೆ. ಬರಹವಿಲ್ಲ, ಸಹಿಯಿಲ್ಲ, ಬರೀ ಮಾತು. ಈ ಪದ್ಧತಿಯಲ್ಲಿ ನನಗೆ ಜೋಡಿಯಾದವರು ಎದುರು ಪಕ್ಷದ ಟೋರ್ಕೆಲ್ ರಾಸ್ಕ್, ಹನ್ನೊಂದು ವರ್ಷವೂ ನನ್ನ ತಲೆ ತಿಂದ ಮನುಷ್ಯ. ಮತದಾನದ ಹಿಂದಿನ ದಿನ ಉತ್ತರದ ಕಿರುನಾದಲ್ಲಿ ಅವರ ಹೆಂಡತಿ ಕೊನೆಯುಸಿರು ಎಳೆಯುತ್ತಿದ್ದರು. ನೀವು ಹೋಗಿ, ನಾನೂ ಹೊರಗಿರುತ್ತೇನೆ ಎಂದೆ. ಬೆಳಗಾಗುವಷ್ಟರಲ್ಲಿ ನಮ್ಮವನೇ ಒಬ್ಬ ಆ ಕಡೆ ಹಾರಿದ್ದ. ಒಳಗೆ ಹೋಗಿ ಮತ ಹಾಕಿ ಎಂದು ನಮ್ಮ ಪಕ್ಷದವರು ಕೈ ಹಿಡಿದು ಎಳೆದರು, ಒಬ್ಬಳು ಅತ್ತೇಬಿಟ್ಟಳು. ನಾನು ಪಡಸಾಲೆಯ ಬೆಂಚಿನಿಂದ ಏಳಲಿಲ್ಲ. ಕಾನೂನು ಒಂದೇ ಮತದಿಂದ ಬಿತ್ತು. ನಾನು ಹಾಕಿದ್ದರೆ ಸಮಸಮವಾಗಿ ಚೀಟಿ ಎತ್ತುತ್ತಿದ್ದರು, ಚೀಟಿಯಲ್ಲಾದರೂ ಆಸೆಯಿತ್ತು. ಈ ಚಳಿಗಾಲ ಆ ಮನೆಗಳಿಲ್ಲ.

ಟೋರ್ಕೆಲ್ ಮರಳಿ ಬಂದು ನನ್ನ ಪೆಟ್ಟಿಗೆಗಳನ್ನು ಟ್ರಾಮಿನವರೆಗೆ ಹೊತ್ತು ತಂದರು. ಹೆಂಡತಿಯ ಜೀವ ಹೋಗುವಾಗ ಇವರು ಆಕೆಯ ಕೈ ಹಿಡಿದುಕೊಂಡಿದ್ದರಂತೆ.

ಈಗ ನನ್ನ ಕೋರಿಕೆ. ನಿಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ಎಲ್ಲರಿಗೂ ಸೇರಿದ ಬಟ್ಟೆ ಒಗೆಯುವ ಕೋಣೆಯಿದೆಯಲ್ಲ, ಅಲ್ಲಿ ಸರದಿ ತಪ್ಪಿದರೆ ವಾರಗಟ್ಟಲೆ ಕಾಯಬೇಕು. ಮುಂದಿನ ವಾರ ಪಕ್ಕದ ಮನೆಯಾಕೆ ಮಗುವಿನ ವಾಂತಿಯಾದ ಹಾಸಿಗೆಬಟ್ಟೆ ಹಿಡಿದು ನಿಮ್ಮ ಬಾಗಿಲು ತಟ್ಟುತ್ತಾಳೆ. ನೀವು ಸರದಿ ಬಿಟ್ಟುಕೊಡುತ್ತೀರಿ. ನಿಮ್ಮ ಗಂಡ ರೇಗಿದಾಗ "ಕೊಡ್ತೀನಿ ಅಂದೀನಿ, ಕೊಟ್ಟೀನಿ. ಮುಗೀತಲ್ರೀ" ಎನ್ನುತ್ತೀರಿ. ಈ ಕಥೆಯೊಂದಿಗೆ ನಮ್ಮ ಮನೆಯಲ್ಲಿ ಹಾಗೇ ಉಳಿದುಬಂದಿರುವ ಗದಗಿನ ಮಾತು ಇದೊಂದೇ. ಅಂದು ಬೆಂಚಿನ ಮೇಲೆ ಇದನ್ನೇ ಹೇಳಿಕೊಳ್ಳುತ್ತಾ ಕುಳಿತಿದ್ದೆ.

ನೀವು ಬಾಗಿಲು ತೆರೆಯದಿದ್ದರೆ ಬಹುಶಃ ನಾನು ಎದ್ದು ಒಳಗೆ ಹೋಗಿ ಮತ ಹಾಕುತ್ತಿದ್ದೆ. ಆದರೂ ತೆರೆಯಿರಿ, ಅಜ್ಜಿ.

ನಿಮ್ಮ
ತುವಾ ನೀಲವ್ವ