ಕಂಡೋರ ತಲೆ ಬಾಚುವ ಕೆಲಸ

೧೨ ಮಾರ್ಚ್ ೧೯೬೨, ಸೋಮವಾರ. ಹೊಳೆನರಸೀಪುರ

ತಲೆ ಚಿಟ್ಟು ಹಿಡಿದಿದೆ. ಬೆಂಗಳೂರಲ್ಲಿ ಅಲಂಕಾರದ ಕೆಲಸ ಕಲಿತು ಬಂದಿದ್ದೇನೆ, ಪಡಸಾಲೆಯಲ್ಲೇ ಹೆಂಗಸರಿಗೊಂದು ಅಂಗಡಿ ಇಡುತ್ತೇನೆ ಎಂದರೆ ಅವ್ವನದು ಇವತ್ತೂ ಅದೇ ರಾಗ: "ಕಂಡೋರ ತಲೆ ಬಾಚಾಕೇನೆ ನಿನ್ನ ಓದ್ಸಿದ್ದು?"

ಮಧ್ಯಾಹ್ನ ಪಕ್ಕದ ಮನೆ ಮಲ್ಲಿಗಮ್ಮ ಮಗಳನ್ನು ಹಿತ್ತಿಲ ಬಾಗಿಲಿಂದ ನನ್ನ ಹತ್ತಿರ ಕರೆತಂದಳು. ಸಂಜೆ ಗಂಡಿನ ಕಡೆಯವರು ಬರುತ್ತಾರಂತೆ.

"ಬೆಳ್ಳಗೆ ಕಾಣಂಗೆ ಬಳಿಯವ್ವ. ಯಾರ್ಗೂ ಏಳ್ಬ್ಯಾಡ."

ನಿನ್ನೆ ಬೀದಿಯಲ್ಲಿ ನನ್ನನ್ನು ಆಡಿಕೊಂಡು ನಕ್ಕವಳು ಇದೇ ಮಲ್ಲಿಗಮ್ಮ! ಸಿಟ್ಟು ನುಂಗಿಕೊಂಡೆ. ಆದರೆ ಹುಡುಗಿಯ ಎಣ್ಣೆಗೆಂಪು ಬಣ್ಣವನ್ನು ಪೌಡರಿನಲ್ಲಿ ಮುಚ್ಚಲು ಮನಸ್ಸಾಗಲಿಲ್ಲ. ಹುಬ್ಬು ತಿದ್ದಿ, ಸಡಿಲವಾಗಿ ತುರುಬು ಕಟ್ಟಿ, ಕಾಡಿಗೆ ಹಚ್ಚಿದೆ, ಅಷ್ಟೇ. ಅವಳು ಕನ್ನಡಿಯನ್ನು ಬಹಳ ಹೊತ್ತು ನೋಡಿದಳು.

"ನಂಗೂ ಈ ಕೆಲ್ಸ ಕಲಿಸ್ಕೊಡಕ್ಕಾ."

ಮಲ್ಲಿಗಮ್ಮ ಮಗಳ ರಟ್ಟೆ ಹಿಡಿದು ಎಳೆದಳು. ನಾನು ಸುಮ್ಮನಿರಬಾರದಿತ್ತೆ? "ನಾಳೆ ಬಾ" ಎಂದುಬಿಟ್ಟೆ. ಇನ್ನು ಅವ್ವನಿಗೆ ಏನಂತ ಹೇಳಲಿ?