ದಡಕ್ಕೆ ಇಳಿಯದವರು

ವಾನ್‌ಚಾಯ್, ಹಾಂಗ್‌ಕಾಂಗ್
೧೪ ಮೇ ೧೯೮೨, ಶುಕ್ರವಾರ

ವಾಯ್‌ಲಾನ್‌ಳ ಅಪ್ಪನಿಗೆ ಯುಕ್‌ಹಿಂಗ್ ಬರೆಯುವುದು,

ಹೇಗಿದ್ದೀಯ? ಮೊಣಕೈ ನೋವು ಕಡಿಮೆಯಾಯಿತೋ ಇಲ್ಲವೋ? ಕಳೆದ ಸಲ ಕಳಿಸಿದ ಕೆಂಪು ಹೂವಿನ ಎಣ್ಣೆಯನ್ನು ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲಾ ಹಡಗಿನ ಯಾವನೋ ಹುಡುಗ ಕಾಲು ಉಳುಕಿತು ಅಂದದ್ದಕ್ಕೆ ಬಾಟಲಿಯನ್ನೇ ದಾನ ಮಾಡಿದ್ದೀಯೋ? ನಿನ್ನ ಬುದ್ಧಿ ನನಗೆ ಗೊತ್ತು. ಆ ಬಿಳಿಯರ ಡಬ್ಬಿ ಮಾಂಸ ತಿಂದು ಹೊಟ್ಟೆ ಕೆಡಿಸಿಕೊಳ್ಳಬೇಡ, ಬಟ್ಟೆ ಒಗೆಯುವ ಕೋಣೆಯಲ್ಲೇ ಒಂದಿಷ್ಟು ಅನ್ನ ಬೇಯಿಸಿಕೋ. ಇಲ್ಲಿ ನಾವು ಮೂವರೂ ಚೆನ್ನಾಗಿದ್ದೇವೆ. ವಾಯ್‌ಲಾನ್‌ಗೆ ಕೈಗಡಿಯಾರದ ಕಾರ್ಖಾನೆಯಲ್ಲಿ ಕೆಲಸ ಕಾಯಂ ಆಯಿತು. ನಿನ್ನ ಅಮ್ಮನಿಗೆ ಎಪ್ಪತ್ತಾರು ತುಂಬಿದರೂ ನಾಲಿಗೆಗೆ ಇನ್ನೂ ಇಪ್ಪತ್ತೇ. ನಿನ್ನೆ ಮೀನಿನವನ ಜೊತೆ ಜಗಳವಾಡಿ, ತೂಕದ ಮೇಲೆ ಎರಡು ಮೀನು ಹೆಚ್ಚಿಗೆ ಹಾಕಿಸಿಕೊಂಡು ಬಂದಳು.

ನಿನ್ನ ಕಾಗದ ಮೊನ್ನೆ ಬಂತು. ಹಡಗು ದಕ್ಷಿಣದ ಯುದ್ಧಕ್ಕೆ ಹೊರಟಿದೆ, ನಡುಸಮುದ್ರದ ಬೋಳು ದ್ವೀಪವೊಂದರಲ್ಲಿ ಕೆಲವು ದಿನ ನಿಲ್ಲುತ್ತದೆ, ಅಲ್ಲಿಂದಾಚೆ ಎಲ್ಲೂ ನಿಲ್ಲುವುದಿಲ್ಲ. ಬಟ್ಟೆ ಒಗೆಯುವ ನಿಮ್ಮ ಮೂವರಲ್ಲಿ ಯಾರಿಗೆ ಯುದ್ಧ ಬೇಡವೋ ಅವರು ಅಲ್ಲೇ ಇಳಿದು ವಿಮಾನ ಹತ್ತಬಹುದೆಂದು ಕಪ್ತಾನ ಹೇಳಿದ್ದಾನೆ. ಇಷ್ಟು ಓದಿ ನನ್ನ ಎದೆ ಹಗುರವಾಯಿತು. ಮುಂದಿನ ಸಾಲು ಓದಿ ಕಾಗದವನ್ನು ಒಲೆಗೆ ಹಾಕಬೇಕೆನಿಸಿತು. ಕಪ್ತಾನ ನಿನ್ನ ಕೈ ಕುಲುಕಿದನಂತೆ. ಇಪ್ಪತ್ತೆರಡು ವರ್ಷ ಜೊತೆಗಿದ್ದು ಈಗ ಇಳಿಯಲು ನಿನಗೆ ನಾಚಿಕೆಯಂತೆ. ಯುದ್ಧಕ್ಕೆ ಹೋಗುವ ಹುಡುಗರಿಗೆ ಒಗೆದ ಬಟ್ಟೆ ಬೇಡವೇ ಎಂದು ನನ್ನನ್ನೇ ಕೇಳುತ್ತೀಯ. ಅಲ್ಲ ಮಾರಾಯ, ಇಸ್ತ್ರಿ ಮಾಡಿದ ಅಂಗಿ ತೊಟ್ಟವನಿಗೆ ಗುಂಡು ತಾಗುವುದಿಲ್ಲವೇ? ಮೊನ್ನೆ ಒಂದು ಹಡಗು ಸುಟ್ಟು ಮುಳುಗಿದ್ದನ್ನು ಕೆಳಗಿನ ಚಹಾದಂಗಡಿಯ ಟಿವಿಯಲ್ಲಿ ತೋರಿಸಿದರು. ಆ ಹೊಗೆ ನೋಡಿದಾಗಿನಿಂದ ನನಗೆ ಭಯವಾಗಿದೆ. ನೀನು ಆ ದ್ವೀಪದಲ್ಲಿ ಇಳಿಯಬೇಕು. ಈ ಕಾಗದದಲ್ಲಿ ಬೇರೆ ವಿಷಯವೇ ಇಲ್ಲ.

ಯಾರಿಗಾಗಿ ಈ ನಾಚಿಕೆ ಅಂತ ಸ್ವಲ್ಪ ಯೋಚನೆ ಮಾಡು. ನಲವತ್ತೊಂದರಲ್ಲಿ ಜಪಾನಿನವರ ಮೊದಲ ಬಾಂಬು ಬಿದ್ದ ದಿನವೇ ಈ ಬಿಳಿಯರು ಇಲ್ಲಿದ್ದ ತಮ್ಮ ಹಡಗುಗಳಲ್ಲಿ ಒಳ್ಳೆಯ ಎರಡನ್ನು ಸಿಂಗಪುರಕ್ಕೆ ಓಡಿಸಿದರಲ್ಲ, ಆಗ ಯಾರಿಗಾದರೂ ನಾಚಿಕೆಯಾಗಿತ್ತೇ? ಆ ಹಡಗಿನವರ ಬಿಳಿ ಸಮವಸ್ತ್ರಗಳು ನಿನ್ನ ಅಮ್ಮನ ಹಗ್ಗದ ಮೇಲೆ ಒಣಗುತ್ತಿದ್ದವು. "ಓಡಿ ಹೋಗೋರಿಗೆ ಚಡ್ಡಿ ತಗೊಳ್ಳೋಷ್ಟೂ ಪುರುಸೊತ್ತಿರ್ಲಿಲ್ಲ ಕಣೇ" ಅಂತ ಇವತ್ತಿಗೂ ಹೇಳಿ ನಗುತ್ತಾಳೆ. ಬಿಳಿ ಬಟ್ಟೆ ಮನೆಯಲ್ಲಿ ಸಿಕ್ಕಿದರೆ ಜಪಾನಿನವರು ತಲೆ ತೆಗೆಯುತ್ತಾರೆಂದು ಎಲ್ಲವನ್ನೂ ದೋಣಿಯವರು ಹಾಯಿಗೆ ಹಚ್ಚುವ ಗೆಡ್ಡೆಯ ಬಣ್ಣದಲ್ಲಿ ಅದ್ದಿ ಕಂದು ಮಾಡಿ, ಲಂಗರಿನ ಗುಂಡಿಗಳನ್ನು ಕಿತ್ತು ಚರಂಡಿಗೆಸೆದು, ನಿನಗೆ ಚಲ್ಲಣ ಹೊಲಿದಳು. ಆರು ವರ್ಷದ ನೀನು ಅದನ್ನೇ ತೊಟ್ಟು ಆ ಮೂರೂ ಮುಕ್ಕಾಲು ವರ್ಷ ಅಕ್ಕಿಯ ಸಾಲಿನಲ್ಲಿ ನಿಂತೆ. ಅವರ ಋಣ ನಿನ್ನ ಮೇಲೆ ಇರುವುದಾದರೆ ಅಷ್ಟೇ, ಒಂದು ಚಲ್ಲಣದ್ದು. ಅದೂ ಅವರು ಕೊಟ್ಟದ್ದಲ್ಲ.

ನನ್ನ ಅಪ್ಪನ ಕಥೆ ನಿನಗೆ ಗೊತ್ತಿದ್ದದ್ದೇ, ಆದರೂ ಹೇಳುತ್ತೇನೆ, ಕೇಳು. ಯುದ್ಧ ಮುಗಿದ ಮೇಲೆ ಹಡಗುಕಟ್ಟೆಯನ್ನು ಮೊದಲಿನ ಹಾಗೆ ಮಾಡಲು ಕರೆದರು, ಅಪ್ಪ ಹೋದ. ಬಾಯ್ಲರಿನ ಹೊಟ್ಟೆಯೊಳಗೆ ಕೂತು ಸುತ್ತಿಗೆ ಹೊಡೆದು ಹೊಡೆದು ಎರಡೂ ಕಿವಿ ಕಳೆದುಕೊಂಡ. ಐವತ್ತೊಂಬತ್ತರಲ್ಲಿ ಕಟ್ಟೆಯನ್ನೇ ಮುಚ್ಚಿದರು. ಕೊನೆಯ ದಿನ ಒಬ್ಬ ಅಧಿಕಾರಿ ಭಾಷಣ ಮಾಡಿದನಂತೆ. ಮನೆಗೆ ಬಂದ ಅಪ್ಪನನ್ನು ಅಮ್ಮ "ಏನಂದ್ರು?" ಅಂತ ಕೂಗಿ ಕೇಳಿದಳು. "ನಂಗೇನ್ ಕೇಳ್ಸತ್ತೆ? ಅವ್ನು ಅಳ್ತಿದ್ದ, ನಾನು ಚಪ್ಪಾಳೆ ಹೊಡ್ದೆ" ಅಂದ. ರಿಪೇರಿಗೆ ಹಡಗು ನಿಲ್ಲಿಸುತ್ತಿದ್ದ, ಅಪ್ಪ ದುಡಿದ ಆ ದೊಡ್ಡ ಗುಂಡಿಗೆ ಮಣ್ಣು ತುಂಬಿಸಿದರು. ಈಗ ಅದರ ಮೇಲೆ ಬಸ್ಸುಗಳು ಓಡುತ್ತವೆ. ಆ ದಾರಿಯಲ್ಲಿ ಹೋಗುವಾಗ ನಾನು ಬಸ್ಸಿನಲ್ಲಿ ಕೂರುವುದಿಲ್ಲ, ನಿಂತೇ ಹೋಗುತ್ತೇನೆ. ಯಾಕೆಂದು ಕೇಳಬೇಡ.

ಉಳಿದಿರುವ ನೌಕಾನೆಲೆಯನ್ನೇ ನೋಡು. ಬುಡ ಸಣ್ಣದು ತಲೆ ದೊಡ್ಡದು ಮಾಡಿ, ತಲೆಕೆಳಗಾದ ಸಾರಾಯಿ ಬಾಟಲಿಯ ಹಾಗೆ ಒಂದು ಕಟ್ಟಡ ಎಬ್ಬಿಸಿದ್ದಾರೆ. ನೆಲೆಯ ಹೆಸರು ಮಾತ್ರ ಹಳೆಯ ಹಡಗೊಂದರದು. ಆ ಹಡಗನ್ನು ಯುದ್ಧದಲ್ಲಿ ಮುಳುಗಿಸಿದ್ದು ಶತ್ರುಗಳಲ್ಲ, ಇವರೇ. ಆಮೇಲೆ ಅದರ ಹೆಸರನ್ನು ನೆಲಕ್ಕೆ ಇಟ್ಟು, ನೆಲವನ್ನೇ ಹಡಗು ಎನ್ನುತ್ತಾರೆ. ಕಾಂಕ್ರೀಟಿನ ಮೇಲೆ ನಡೆದುಕೊಂಡು ಗೇಟು ದಾಟಿ ನಮ್ಮ ವಾನ್‌ಚಾಯ್ ಬೀದಿಗೆ ಹೆಂಡ ಕುಡಿಯಲು ಬರುವಾಗ "ದಡಕ್ಕೆ ಇಳೀತಿದ್ದೀವಿ" ಅನ್ನುತ್ತಾರೆ. ನೂರನಲವತ್ತು ವರ್ಷವಾಯಿತು, ಇನ್ನೂ ಬಂದು ತಲುಪಿಲ್ಲ ಪಾಪ! ಬಾಡಿಗೆ ಮನೆಯಲ್ಲಿ ಚಪ್ಪಲಿ ಬಿಚ್ಚದೆ ಕೂತವರು ಯಾವತ್ತಿದ್ದರೂ ಎದ್ದುಹೋಗುವವರೇ.

ನಾನೇನು ಅವರನ್ನು ದೂರದಿಂದ ನೋಡಿದವಳಲ್ಲ. ಹತ್ತೊಂಬತ್ತು ವರ್ಷ ದೋಣಿಯಲ್ಲಿ ನಿಂತು ಅವರ ಹಡಗಿನ ಮೈಗೆ ಬೂದು ಬಣ್ಣ ಹಚ್ಚಿದ್ದೇನೆ. ಕೂಲಿಯ ಬದಲಿಗೆ ಏನು ಕೊಟ್ಟರು? ಅಡುಗೆಮನೆಯ ಎಂಜಲು. ರೊಟ್ಟಿ ಒಂದು ಡಬ್ಬಕ್ಕೆ, ಮಾಂಸ ಒಂದಕ್ಕೆ, ಹಂದಿಗೆ ಹೋಗುವುದು ಇನ್ನೊಂದಕ್ಕೆ ಅಂತ ಬೇರೆ ಮಾಡಿ ಮಾರಿಕೊಂಡು ನಾವು ಹೆಂಗಸರು ಮಕ್ಕಳನ್ನು ಸಾಕಿದೆವು. ಹಡಗು ಹೊರಡುವಾಗ ಕಪ್ತಾನನ ಕೋಣೆಗೆ ಹೂವು ಇಟ್ಟುಬರುವುದು ನಮ್ಮ ಪದ್ಧತಿ. ಅವನು ಕೈ ಕುಲುಕುತ್ತಿದ್ದ. ಕೈ ಕುಲುಕುವುದರಲ್ಲಿ ಆ ಜನರ ಹಾಗೆ ಯಾರೂ ಇಲ್ಲ ಬಿಡು, ಖರ್ಚಿಲ್ಲದ ಮರ್ಯಾದೆ. ಇಷ್ಟೆಲ್ಲ ಆದ ಮೇಲೆ ಹೋದ ವರ್ಷ ಕಾನೂನು ತಂದರು, ಅವರೇ ಕೊಟ್ಟ ನಮ್ಮ ಪಾಸ್‌ಪೋರ್ಟ್ ಇಟ್ಟುಕೊಂಡು ಅವರ ದೇಶದಲ್ಲಿ ಮನೆ ಮಾಡುವ ಹಾಗಿಲ್ಲ ಅಂತ. ಅವರ ಹಡಗಿನಲ್ಲಿ ಸಾಯಬಹುದು, ಅವರ ಊರಿನಲ್ಲಿ ಬದುಕಬಾರದು. ಇಂಥವರ ಕಾಲರಿಗೆ ಗಂಜಿ ಹಾಕಲು ನೀನು ಪ್ರಾಣ ಕೊಡಬೇಕೇ?

ನಿನ್ನೆ ಗುತ್ತಿಗೆದಾರ ಲೌ ಅವರ ಅಂಗಡಿಗೂ ಹೋಗಿ ಬಂದೆ. ಹಡಗುಗಳಿಗೆ ನಿಮ್ಮನ್ನೆಲ್ಲ ಹತ್ತಿಸುವವರು ಅವರೇ ತಾನೆ. ನೀನು ಇಳಿದರೂ ನಿನ್ನ ಜಾಗ ಉಳಿಸಿಡಿ ಅಂತ ಕೇಳಿದೆ. ಚಹಾ ಕೊಟ್ಟರು, ಕೆಲಸ ಮಾತ್ರ ಆಗಲಿಲ್ಲ. "ಹೆದ್ರಿಕೊಂಡು ಇಳಿದೋನ ಜಾಗ ನಾನು ಖಾಲಿ ಇಡೋದಿಲ್ಲಮ್ಮ, ಸಾಲಲ್ಲಿ ಇನ್ನೂ ನಲವತ್ತು ಜನ ನಿಂತಿದಾರೆ" ಅಂದರು. ನಿನ್ನ ಗೆಳೆಯ ಚಿಯುಂಗ್ ಬೇರೆ ಹಡಗಿನಿಂದ ಜಿಬ್ರಾಲ್ಟರಿನಲ್ಲೇ ಇಳಿದು ಬಂದನಲ್ಲ, ಅವನ ಜಾಗ ಹೋಯಿತು. ಬೀದಿಯವರು ಅವನನ್ನು ಪುಕ್ಕಲ ಎನ್ನುತ್ತಾರೆ. ಪುಕ್ಕಲ ಈಗ ದಿನಾ ಸಂಜೆ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಮೀನುಂಡೆ ಕೊಡಿಸುತ್ತಾನೆ. ನನಗೆ ಅಂಥ ಪುಕ್ಕಲನೇ ಸಾಕು. ಜಾಗ ಹೋದರೆ ಹೋಗಲಿ, ಮನೆಯಲ್ಲೇ ಇಸ್ತ್ರಿ ಅಂಗಡಿ ಹಾಕೋಣ, ಬೀದಿಯ ನಾಲಿಗೆಗೆ ನಾನು ಉತ್ತರ ಕೊಡುತ್ತೇನೆ. ಇಳಿ. ನಿನ್ನ ಕಾಲಿಗೆ ಬೀಳುತ್ತೇನೆ ಅಂತ ಬರೆಯುವ ಹೆಂಗಸು ನಾನಲ್ಲ, ಆದರೂ ಬರೆದಿದ್ದೇನೆ ಅಂತ ತಿಳಿ.

ವಾಯ್‌ಲಾನ್ ನಮಸ್ಕಾರ ಹೇಳಿದ್ದಾಳೆ. ಸಮುದ್ರದ ತಾಯಿ ತಿನ್‌ಹೌಗೆ ಊದಿನಕಡ್ಡಿ ಹಚ್ಚಿದ್ದೇನೆ, ಅವಳು ನಿನಗೆ ದಾರಿ ಮಾತ್ರವಲ್ಲ, ಬುದ್ಧಿಯನ್ನೂ ತೋರಿಸಲಿ.

ಬೇಗ ಬಾ.
ನಿನ್ನ
ಯುಕ್‌ಹಿಂಗ್

ತಾ.ಕ. — ಇದು ಅವಸರದಲ್ಲಿ. ಟಪಾಲು ಹೋಗಲು ಇನ್ನು ಅರ್ಧ ಗಂಟೆ ಇದೆ. ಮೇಲಿನದನ್ನು ಬರೆದು ಮುಗಿಸಿ ಮಧ್ಯಾಹ್ನ ನಿನ್ನ ಅಮ್ಮನಿಗೆ ಓದಿ ಹೇಳಿದೆ. ಊಟದ ಬಟ್ಟಲು ಕೆಳಗಿಟ್ಟು, "ಇಷ್ಟಕ್ಕೆಲ್ಲ ಅವ್ನು ಇಳಿಯಲ್ಲ. ಹೆಂಡ್ತಿ ಹೆದ್ರಿದ್ಲು ಅಂತ ಇಳಿದ್ರೆ ಜನ ನಗ್ತಾರೆ. ನಾನು ಸತ್ತೆ ಅಂತ ತಂತಿ ಹೊಡಿಸು" ಅಂದಳು. ಬಿಡ್ತು ಅನ್ನಿ ಅಂತ ನಾನು ಕಿವಿ ಮುಚ್ಚಿಕೊಂಡೆ. ಅವಳು ಕೇಳಲಿಲ್ಲ. ತಾನೇ ಪೆಟ್ಟಿಗೆಯಿಂದ ಸೂತಕದ ಬಿಳಿ ನೂಲು ತೆಗೆದು ನನ್ನ ಕೂದಲಿಗೆ ಕಟ್ಟಿ, ಹೊರಗೆ ದಬ್ಬಿ, ತಾನು ಮೇಲಿನ ಮಹಡಿಯ ಗೆಳತಿಯ ಮನೆಯಲ್ಲಿ ಅಡಗಿ ಕೂತಳು. ಲೌ ಅವರ ಎದುರು ಬಾಯಿ ತೆರೆದೆ, ಮಾತಿನ ಬದಲು ಅಳುವೇ ಬಂತು. ಅದು ನಿನಗಾಗಿ ಬಂದ ಅಳು, ಅವರಿಗೇನು ಗೊತ್ತು? ಎದ್ದು ನಿಂತುಬಿಟ್ಟರು. ಹಿರಿಮಗ ನೀರಿಗೆ ಕಾಸು ಹಾಕಿ ನೀರು ಕೊಂಡು ತಂದು ಸತ್ತ ತಾಯಿಯ ಮುಖ ಒರೆಸಬೇಕಲ್ಲ, ನೀನು ಒಬ್ಬನೇ ಮಗ, ಅದಕ್ಕೆ ಅಡ್ಡ ಬಂದ ಪಾಪ ತಮಗೆ ಬೇಡ ಅಂದರು. "ಅವನು ಬರೋವರೆಗೂ ದೇಹಾನ ಆಸ್ಪತ್ರೆಯಲ್ಲಿ ಇಟ್ಟಿರಿ. ಅವನ ಜಾಗ ನಾನು ಕಾಯ್ತೀನಿ" ಎಂದು ತಾವೇ ನನ್ನ ಜೊತೆ ನೌಕಾನೆಲೆಗೆ ಬಂದರು. ಅಲ್ಲಿಯ ಸಾಹೇಬ ಆಗಲೇ ನಿನ್ನ ಹಡಗಿಗೆ ತಂತಿ ಕಳಿಸಿ, ಟೋಪಿ ತೆಗೆದ. ಇಷ್ಟು ವರ್ಷ ಬದುಕಿದ್ದಾಗ ನಿನ್ನ ಅಮ್ಮನಿಗೆ ಯಾರೂ ಟೋಪಿ ತೆಗೆದಿರಲಿಲ್ಲ.

ತಂತಿ ಈ ಕಾಗದಕ್ಕಿಂತ ಮೊದಲೇ ನಿನ್ನ ಕೈ ಸೇರುತ್ತದೆ. ಅದಕ್ಕೇ ಲಕೋಟೆಯ ಹೊರಗಡೆಯೇ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ: ಅಮ್ಮ ಚೆನ್ನಾಗಿದ್ದಾಳೆ, ಸುಮ್ಮನೆ ಇಳಿ. ಭಯಪಡಬೇಡ, ನೂರನಲವತ್ತು ವರ್ಷದಲ್ಲಿ ನಮ್ಮ ಒಂದು ಅಕ್ಷರವನ್ನೂ ಕಲಿಯದವರು ಇದನ್ನೇನು ಓದುತ್ತಾರೆ? ಕಾಗದ ಸೇರುವವರೆಗೆ ನೀನು ಅಳುವೆಯಲ್ಲ ಅಂತ ನನಗೆ ಸಂಕಟ. "ಅಳ್ಲಿ ಬಿಡು, ಎಷ್ಟು ಅಳ್ತಾನೆ ಅಂತ ಆಮೇಲೆ ಅವನ ಜೊತೆಯವರನ್ನ ಕೇಳ್ತೀನಿ" ಅಂತ ಅಮ್ಮ ನಗುತ್ತಿದ್ದಾಳೆ. ಈಗ ಮೆಟ್ಟಿಲ ಮೇಲಿಂದ ಕೂಗುತ್ತಿದ್ದಾಳೆ, ಅವಳ ಮಾತನ್ನೇ ಬರೆದು ಲಕೋಟೆ ಅಂಟಿಸುತ್ತೇನೆ: "ಇಳಿಯೋಕೆ ನಾಚಿಕೆ ಅಂದ್ಯಲ್ಲೋ, ನನ್ನ ಸಾವನ್ನ ತಗೊಂಡು ಇಳಿ. ನಂಗಿನ್ನೂ ಅದು ಬೇಕಾಗಿಲ್ಲ."